ಕೊನೆಯ ಹಗ್ಗ

ಇಬ್ಸನ್‌ನನ್ನು ಓದುತ್ತಿದ್ದ ದಿನಗಳಲ್ಲಿ ಅವನ ಕಾಲದ ನಾರ್ವೆಯ ಬೇರೆ ಲೇಖಕರು ಯಾರೆಂದು ಹುಡುಕಲು ಹೊರಟೆ. ಹಾಗೆ ಸಿಕ್ಕವನು ಅಲೆಕ್ಸಾಂಡರ್ ಕೀಲಂಡ್ (1849–1906). ಸ್ಟವಾಂಗರ್ ಎಂಬ ಬಂದರು ಊರಿನವನು. ಅಲ್ಲಿನ ವರ್ತಕರ, ಹಡಗಿನವರ ಕಥೆ ಬರೆದು, ಮುಂದೆ ಆ ಊರಿಗೇ ಮೇಯರ್ ಆದವನು. ಆದರೆ ಅವನ ಹೆಸರು ಹುಡುಕಿದಾಗಲೆಲ್ಲ ಕಾದಂಬರಿಗಳಿಗಿಂತ ಮೊದಲು ಎದುರಾಗುತ್ತಿದ್ದುದು ಒಂದು ಸಾವಿನ ಲೆಕ್ಕ: 123.

ಅವನ ಹೆಸರಿಟ್ಟಿದ್ದ ತೇಲುವ ರಿಗ್ ಫ್ರಾನ್ಸಿನಲ್ಲಿ ತಯಾರಾಗಿ 1976ರಲ್ಲಿ ನೀರಿಗಿಳಿದಿತ್ತು. ಐದು ಕಂಬಗಳ ಮೇಲೆ ನಿಂತ ಈ ರಿಗ್ಗನ್ನು ಉತ್ತರ ಸಮುದ್ರದ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ ಎಡ್ಡಾ ಎಂಬ ವೇದಿಕೆಯ ಪಕ್ಕ ಕೆಲಸಗಾರರ ವಸತಿಯಾಗಿ ನಿಲ್ಲಿಸಿದ್ದರು.

ತೇಲುವ ಕಟ್ಟಡವನ್ನು ಒಂದೆಡೆ ನಿಲ್ಲಿಸುವುದು ಸುಲಭವಲ್ಲ. ಸುತ್ತಲೂ ಲಂಗರು ಬಿಟ್ಟು ಉಕ್ಕಿನ ಹಗ್ಗಗಳಿಂದ ಕಟ್ಟುತ್ತಾರೆ. ಗಾಳಿ ಬೀಸಿ ಬರುವ ಕಡೆಯ ಹಗ್ಗ ಬಿಗಿಯುತ್ತದೆ, ಎದುರು ಕಡೆಯದು ಸಡಿಲುತ್ತದೆ. ತೀರಾ ಬಿಗಿದರೆ ಹರಿಯುತ್ತದೆ, ತೀರಾ ಸಡಿಲಿಸಿದರೆ ಕಟ್ಟಡ ಪಕ್ಕದ ವೇದಿಕೆಗೆ ಬಡಿಯುತ್ತದೆ. ಆದ್ದರಿಂದ ಎಳೆತ ಎಷ್ಟಿದೆಯೆಂದು ನೋಡುತ್ತಾ, ವಿಂಚ್‌ಗಳಿಂದ ಹಗ್ಗ ಎಳೆಯುತ್ತಾ ಬಿಡುತ್ತಾ ಇರಬೇಕು. 1980ರ ಮಾರ್ಚ್ 27ರ ಸಂಜೆಯೂ ಇದೇ ನಡೆಯಿತು. ಹವಾಮಾನ ಕೆಟ್ಟಿದ್ದರಿಂದ ಹಗ್ಗ ಎಳೆದು ರಿಗ್ಗನ್ನು ಎಡ್ಡಾದಿಂದ ದೂರ ಸರಿಸಿದರು.

ಅದಾದ ಸ್ವಲ್ಪ ಹೊತ್ತಿಗೆ, ಆರೂವರೆಯ ಸುಮಾರಿಗೆ, ದೊಡ್ಡ ಸದ್ದು. ಹಲವರು ಊಟದ ಕೋಣೆಯಲ್ಲಿದ್ದರು, ಹಲವರು ಸಿನಿಮಾ ನೋಡುತ್ತಿದ್ದರು. ಒಂದು ಕಂಬ ಕಳಚಿಹೋಗಿ ರಿಗ್ 30 ಡಿಗ್ರಿಗೂ ಹೆಚ್ಚು ವಾಲಿತು. ಹಗ್ಗಗಳು ಹರಿದವು. ಒಂದು ಮಾತ್ರ ಉಳಿಯಿತು. ಸುಮಾರು ಇಪ್ಪತ್ತು ನಿಮಿಷ ಆ ಒಂದೇ ಹಗ್ಗ ರಿಗ್ಗನ್ನು ಮಗುಚದಂತೆ ತಡೆಯಿತು. 6 ಗಂಟೆ 53 ನಿಮಿಷಕ್ಕೆ ಅದೂ ಹರಿಯಿತು. ರಿಗ್ ತಲೆಕೆಳಗಾಯಿತು. ಅದರಲ್ಲಿದ್ದ 212 ಜನರಲ್ಲಿ ಬದುಕಿದವರು 89.

ಹಗ್ಗಗಳೇ ಕೈಕೊಟ್ಟವು ಎಂದು ಮೊದಲು ನಾನೂ ಅಂದುಕೊಂಡಿದ್ದೆ. ತನಿಖೆ ಹೇಳಿದ್ದು ಬೇರೆ. ಕಂಬಕ್ಕೆ ಆಸರೆಯಾಗಿದ್ದ ಒಂದು ಅಡ್ಡಕೊಳವೆಗೆ ನೀರಿನೊಳಗಿನ ಸದ್ದು ಕೇಳುವ ಹೈಡ್ರೋಫೋನ್ ಕೂರಿಸಲೆಂದು ಸಣ್ಣ ಹಿಡಿಕೆ ಬೆಸೆದಿದ್ದರು. ರಿಗ್ ತಾನಿರುವ ಜಾಗ ತಿಳಿಯಲು ಬೇಕಾದ ಉಪಕರಣ ಅದು. ಆ ಬೆಸುಗೆ ಕೇವಲ 6 ಮಿಲಿಮೀಟರಿನದು, ಅದೂ ಕಳಪೆ. ಬಿರುಕು ಹುಟ್ಟಿದ್ದು ಅಲ್ಲಿ. ಅಲೆಗಳ ಹೊಡೆತಕ್ಕೆ ಅದು ಬೆಳೆಯುತ್ತಾ ಹೋಗಿ ಕೊಳವೆಯೇ ತುಂಡಾಯಿತು, ಜೊತೆಯ ಕೊಳವೆಗಳು ಭಾರ ತಾಳದೆ ಮುರಿದವು. ಬಿರುಕಿನೊಳಗೆ ಬಣ್ಣ ಸಿಕ್ಕಿತು. ಅಂದರೆ ಕಾರ್ಖಾನೆಯಲ್ಲಿ ಬಣ್ಣ ಬಳಿಯುವ ಹೊತ್ತಿಗೇ ಅದು ಸೀಳಿತ್ತು.

ನನ್ನನ್ನು ಕಾಡುವುದು ಇದೇ. ರಿಗ್ ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯಲು ಇಟ್ಟ ಸಾಧನವೇ ಅದರ ಮೂಳೆಯನ್ನು ಸೀಳಿತು. ಹಗ್ಗದ ಮೇಲೆ ಕಣ್ಣಿತ್ತು. ಹಗ್ಗ ಕಟ್ಟಿದ ಮೈಯ ಮೇಲೆ ಇರಲಿಲ್ಲ. ಇಂದು ಪ್ರತಿ ಹಗ್ಗದ ಎಳೆತವನ್ನೂ ಸಂವೇದಕಗಳು ಅಳೆಯುತ್ತವೆ, ರಿಗ್ ಎಷ್ಟು ಸರಿದಿದೆ ಎಂಬುದನ್ನು ಉಪಗ್ರಹ ಹೇಳುತ್ತದೆ. ಆದರೂ ಅಳೆಯುವವರು ಎಲ್ಲಿ ನೋಡುತ್ತಿಲ್ಲ ಎಂಬುದನ್ನು ಯಾವ ಮಾಪಕವೂ ಹೇಳಲಾರದು.

ಸ್ಟವಾಂಗರ್ ಬಳಿಯ ಕಡಲ ದಂಡೆಯಲ್ಲಿ 1986ರಲ್ಲಿ ಸತ್ತವರಿಗೊಂದು ಸ್ಮಾರಕ ನಿಲ್ಲಿಸಿದರು. ಅದರ ರೂಪ ಮುರಿದ ಸರಪಳಿಯ ಒಂದು ಕೊಂಡಿ. ಕೀಲಂಡ್ ಎಂಬ ಹೆಸರು ಕೇಳಿದರೆ ಈಗ ನನಗೆ ಮೊದಲು ನೆನಪಾಗುವುದು ಆ ಕೊಂಡಿ; ಅದರ ಜೊತೆಗೇ, ಇಪ್ಪತ್ತು ನಿಮಿಷ ಒಂಟಿಯಾಗಿ ಭಾರ ಹೊತ್ತ ಆ ಹಗ್ಗ.