ಕಾಲುವೆಯ ಬಾಲಕ್ಕೂ ನೀರು



ಸಯನ್ ಸರ್ಕಲ್‌ನಲ್ಲಿ ಬೆಂಗಳೂರಿನ ಬಸ್ಸಿಗೆ ಕಾಯುತ್ತ ಒಂದು ಗ್ಲಾಸ್ ಕಬ್ಬಿನ ಹಾಲು ಕುಡಿಯದವರು ನಮ್ಮಲ್ಲಿ ಕಡಿಮೆ. ಅದೇ ಬಸ್ಸು ಪುಣೆ ದಾಟಿ ಶಿರವಳದ ಬಳಿ ನೀರಾ ನದಿಯ ಸೇತುವೆ ಹಾಯುವಾಗ ನಾವೆಲ್ಲ ಗೊರಕೆ ಹೊಡೆಯುತ್ತಿರುತ್ತೇವೆ. ಆ ನದಿಗೂ ನಮ್ಮ ಮಂಡ್ಯಕ್ಕೂ ಒಂದು ನಂಟಿದೆ. ಅದನ್ನು ಕೂಡಿಸಿದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ.

ಸರ್ ಎಂ.ವಿ. ಎಂದೊಡನೆ ನಮಗೆ ಕನ್ನಂಬಾಡಿ ನೆನಪಾಗುತ್ತದೆ. ಆದರೆ ಅವರು ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದದ್ದು 1909ರಲ್ಲಿ. 1884ರಿಂದ 1908ರವರೆಗೆ ದುಡಿದದ್ದು ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ. ನಮ್ಮ ಹಾಗೆ ಅವರೂ ಇತ್ತ ಬಂದು ನೌಕರಿ ಮಾಡಿದವರು ಎಂದು ನಾನು ತಮಾಷೆಗೆ ಹೇಳುವುದುಂಟು.

ಪುಣೆ ಸೀಮೆಯ ಮುಠಾ, ನೀರಾ ಕಾಲುವೆಗಳನ್ನು ತೋಡಿದ್ದು ಬರ ತಡೆಯಲು. ಆದದ್ದೇ ಬೇರೆ. ಮಳೆ ಚೆನ್ನಾದ ವರ್ಷ ಜೋಳದ ರೈತ ಕಾಲುವೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮಳೆ ಕೈಕೊಟ್ಟಾಗ ಎಲ್ಲರಿಗೂ ಒಟ್ಟಿಗೇ ಬೇಕು. ಅಷ್ಟರಲ್ಲಿ ಕಾಲುವೆಯ ತಲೆಯಲ್ಲಿದ್ದವರು ವರ್ಷವಿಡೀ ನೀರು ಕುಡಿಯುವ ಕಬ್ಬು ಹಾಕಿ ಕೂತಿರುತ್ತಿದ್ದರು. ಅಲ್ಲಿ ಕಪ್ಪುಮಣ್ಣು ಜವುಳಾಗಿ ಉಪ್ಪು ಮೇಲೆದ್ದರೆ, ಬಾಲದ ಹಳ್ಳಿಗಳಲ್ಲಿ ಪೈರು ಒಣಗುತ್ತಿತ್ತು. ನಮ್ಮ ಚಾಳಿನ ನಲ್ಲಿಯ ಕಥೆಯೇ ನೋಡಿ: ಕೆಳಮಾಳಿಗೆಯವರ ಡ್ರಮ್ಮು ತುಂಬಿ ಹರಿಯುತ್ತದೆ, ಮೂರನೆಯ ಮಾಳಿಗೆಗೆ ಬರೀ ಗಾಳಿ!

1899–1900ರ ಭೀಕರ ಕ್ಷಾಮದ ಹೊತ್ತಿಗೆ ವಿಶ್ವೇಶ್ವರಯ್ಯನವರು ಪುಣೆಯಲ್ಲಿದ್ದರು. ಅವರು ರೂಪಿಸಿದ್ದು ಬ್ಲಾಕ್ ಪದ್ಧತಿ. ಇದ್ದ ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚಬೇಕು, ಆದರೆ ಪ್ರತಿ ಹಳ್ಳಿಯಲ್ಲಿ ನೀರು ಬಸಿದು ಹೋಗುವಂಥ ಒಳ್ಳೆಯ ನೆಲವನ್ನು ಆರಿಸಿ ಒಂದೇ ಕಡೆ ಹಾಯಿಸಬೇಕು. ಬ್ಲಾಕಿನ ಒಂದು ಭಾಗಕ್ಕಷ್ಟೇ ಕಬ್ಬು. ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆ. ಮುಂದಿನ ವರ್ಷ ಬೆಳೆ ಜಾಗ ಬದಲಿಸುತ್ತದೆ. ಹೀಗೆ ಮಣ್ಣಿಗೂ ವಿರಾಮ, ರೈತನಿಗೂ ನೀರಿನ ಖಾತ್ರಿ.

ತಲೆಯ ರೈತರು ಸುಮ್ಮನೆ ಒಪ್ಪಲಿಲ್ಲ. ಕೈಗೆ ಬಂದ ಹಕ್ಕನ್ನು ಯಾರು ಬಿಡುತ್ತಾರೆ? ಅವರ ಮಟ್ಟಿಗೆ ಅದು ನ್ಯಾಯವೇ ಇರಬೇಕು. ಅವರನ್ನು ಒಪ್ಪಿಸುವುದು ಅಣೆಕಟ್ಟು ಕಟ್ಟುವುದಕ್ಕಿಂತ ಕಷ್ಟದ ಕೆಲಸವಾಗಿದ್ದಿರಬೇಕು ಎಂದೇ ನನ್ನ ಅನಿಸಿಕೆ. ಅವರ ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟುಗಳನ್ನು ಎಲ್ಲರೂ ಹೊಗಳುತ್ತಾರೆ, ಈ ಹಂಚಿಕೆಯ ಮಾತು ಅಷ್ಟಾಗಿ ಕೇಳಿಬರುವುದಿಲ್ಲ.

1930ರ ದಶಕದಲ್ಲಿ ಕನ್ನಂಬಾಡಿಯ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯಕ್ಕೆ ನೀರು ತಂದಾಗ ಅಲ್ಲಿಗೂ ಇದೇ ಲೆಕ್ಕ ಬಂತು: ಕಬ್ಬು, ಭತ್ತ, ಅರೆ ನೀರಾವರಿ ಬೆಳೆ. 1933ರಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು, ಕಬ್ಬಿಗೆ ಗಿರಾಕಿ ಸಿಕ್ಕಿತು. ಕಾಲಕ್ರಮೇಣ ಬ್ಲಾಕಿನ ಗೆರೆ ಅಳಿಸಿತು. ಭತ್ತ, ಕಬ್ಬು ಎಲ್ಲೆಲ್ಲೂ ಹಬ್ಬಿದವು. ಭತ್ತದ ಒಂದು ಎಕರೆಯ ನೀರಿನಲ್ಲಿ ಎರಡು ಎಕರೆ ರಾಗಿ ಬೆಳೆಯಬಹುದು. ಆದರೆ ದುಡ್ಡಿನ ಲೆಕ್ಕ ಬೇರೆ. ಈಗ ಮಳೆ ಕಡಿಮೆಯಾದ ವರ್ಷ ಕಟ್ಟು ಪದ್ಧತಿಯಲ್ಲಿ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುತ್ತಾರೆ.

ಮಳವಳ್ಳಿ ಕಡೆ ನಮ್ಮ ಸೋದರಮಾವನ ಗದ್ದೆ ಇದೆ, ನಾಲೆಯ ಬಾಲದಲ್ಲಿ. ಅಲ್ಲಿ ಅದಕ್ಕೆ ಟೇಲೆಂಡ್ ಎಂದೇ ಹೆಸರು. ಮೊನ್ನೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಮಾವ ಟಾರ್ಚ್ ಹಿಡಿದು ತೂಬಿನ ಹತ್ತಿರ ಕೂತಿದ್ದರು. "ಎರಡು ದಿನದಿಂದ ಕಾಯ್ತಿದ್ದೀನಿ, ಮೇಲ್ನೋರು ಇನ್ನೂ ತೂಬು ಮುಚ್ಚಿಲ್ಲ" ಎಂದರು. ಈ ಸಲ ಅರ್ಧ ಎಕರೆಗೆ ರಾಗಿ ಹಾಕಿದ್ದಾರಂತೆ.