ಸ್ಟೈಯರ್ ಎಯುಜಿ

ಆಸ್ಟ್ರಿಯಾದ ಸ್ಟೈಯರ್-ಡೈಮ್ಲರ್-ಪುಖ್ ಕಂಪನಿ ರೂಪಿಸಿದ 5.56 ಮಿ.ಮೀ. ಬುಲ್‌ಪಪ್ ರೈಫಲ್. 1970ರ ದಶಕದ ಕೊನೆಯಲ್ಲಿ ಆಸ್ಟ್ರಿಯಾದ ಸೇನೆಯನ್ನು ಸೇರಿತು. ಅಲ್ಲಿ ಇದರ ಹೆಸರು ಎಸ್‌ಟಿಜಿ 77. ಬೋಲ್ಟ್ ಮತ್ತು ಮ್ಯಾಗಜೀನುಗಳು ಟ್ರಿಗರಿನ ಹಿಂದೆ, ಭುಜಕ್ಕೆ ಒತ್ತಿ ಹಿಡಿಯುವ ಭಾಗದೊಳಗೇ ಅಡಗಿರುವುದು ಬುಲ್‌ಪಪ್ ವಿನ್ಯಾಸದ ಗುಟ್ಟು. ಹಾಗಾಗಿ 508 ಮಿ.ಮೀ. ನಳಿಗೆಯಿದ್ದರೂ ಬಂದೂಕಿನ ಒಟ್ಟು ಉದ್ದ ಸುಮಾರು 790 ಮಿ.ಮೀ. ಮಾತ್ರ, ವಾಹನದಿಂದ ಇಳಿದು ಹತ್ತುವ ಸೈನಿಕನಿಗೆ ಇದು ಅನುಕೂಲ.

ಹೊರಕವಚ ಪ್ಲಾಸ್ಟಿಕ್ಕಿನದು. ಅಚ್ಚರಿಯೆಂದರೆ, ಒಳಗಿನ ಹ್ಯಾಮರ್ ಜೋಡಣೆಯೂ ಬಹುಪಾಲು ಪ್ಲಾಸ್ಟಿಕ್ಕೇ. 30 ಗುಂಡುಗಳ ಮ್ಯಾಗಜೀನು ಅರೆಪಾರದರ್ಶಕವಾದ್ದರಿಂದ ಉಳಿದ ಗುಂಡುಗಳು ಕಣ್ಣಿಗೇ ಕಾಣುತ್ತವೆ. ಟ್ರಿಗರನ್ನು ಅರ್ಧ ಎಳೆದರೆ ಒಂದೇ ಗುಂಡು, ಪೂರ್ತಿ ಎಳೆದರೆ ಸುರಿಮಳೆ. ಗಾಬರಿಯಲ್ಲಿ ಬೆರಳು ಎಷ್ಟು ಒತ್ತೀತೆಂಬ ಶಂಕೆ ಇಲ್ಲಿ ಸಹಜ.

ನಳಿಗೆಯನ್ನು ಕ್ಷಣದಲ್ಲಿ ಬದಲಿಸಬಹುದು. ಉದ್ದನೆಯ 621 ಮಿ.ಮೀ. ನಳಿಗೆ ಲಘು ಮೆಷಿನ್‌ಗನ್ನಿಗೆ. ಎಡಗೈಯವರಿಗೆ ಬೋಲ್ಟನ್ನೂ ಬದಲಿಸಬೇಕಾಗುತ್ತದೆ, ಇಲ್ಲವಾದರೆ ಖಾಲಿ ತೋಟೆ ಮುಖದತ್ತ ಹಾರುತ್ತದೆ. ಎ1 ಮಾದರಿಯಲ್ಲಿ 1.5 ಪಟ್ಟು ಹಿಗ್ಗಿಸುವ ದುರ್ಬೀನು ಹಿಡಿಕೆಯೊಂದಿಗೇ ಬೆಸೆದಿತ್ತು. ಎ2ರಲ್ಲಿ ಅದನ್ನು ಬಿಚ್ಚಬಹುದಾಯಿತು, ಎ3ಕ್ಕೆ ದುರ್ಬೀನು ಮುಂತಾದವನ್ನು ಜೋಡಿಸುವ ಹಳಿಗಳು ಬಂದವು. 9 ಮಿ.ಮೀ. ಗುಂಡಿನ ‘ಪ್ಯಾರಾ’ ಮತ್ತೊಂದು ರೂಪ. ಆಸ್ಟ್ರೇಲಿಯಾದ ಲಿತ್‌ಗೋ ಕಾರ್ಖಾನೆ 5.56 ಮಿ.ಮೀ. ಎಯುಜಿಯನ್ನೇ ಎಫ್88 ಎಂದು ತಯಾರಿಸಿ, ಮುಂದೆ ಇಎಫ್88 ಆಗಿ ಪರಿಷ್ಕರಿಸಿತು. ಐರ್ಲೆಂಡ್ ಸೇನೆಯೂ ಎಯುಜಿಯನ್ನು ಬಳಸುತ್ತದೆ.