ಒಂದು ಫೈಲು, ಹಲವು ಕೈ: ಲಾಕಿಂಗ್ ನಡೆದು ಬಂದ ದಾರಿ

ಒಂದು ಫೈಲಿನಲ್ಲಿ 41 ಎಂಬ ಸಂಖ್ಯೆ ಇದೆ. ಎರಡು ಪ್ರೋಸೆಸ್‌ಗಳು ಒಟ್ಟಿಗೇ ಅದನ್ನು ಓದಿ, ಒಂದು ಕೂಡಿಸಿ, ಮರಳಿ ಬರೆಯುತ್ತವೆ. 43 ಇರಬೇಕಾದ ಕಡೆ 42 ಉಳಿಯುತ್ತದೆ. ಎರಡೂ ಲೆಕ್ಕ ತಪ್ಪಿಲ್ಲ, ಎರರ್ ಕೂಡ ಬಂದಿಲ್ಲ. ಆದರೂ ಒಂದು ಬರಹ ಕಳೆದುಹೋಯಿತು. ಈ ತೊಡಕಿಗೆ ಅರ್ಧ ಶತಮಾನದಿಂದ ಕಂಡುಕೊಂಡ ಉಪಾಯಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟ: ಬೀಗವನ್ನು ಬಲಪಡಿಸಿದವುಗಳಿಗಿಂತ ಬೀಗದ ಅಗತ್ಯವನ್ನೇ ತಗ್ಗಿಸಿದವು ಹೆಚ್ಚು ಬಾಳಿವೆ.

ಮೊದಮೊದಲ ಯುನಿಕ್ಸ್‌ನಲ್ಲಿ ಫೈಲ್ ಲಾಕ್ ಇರಲಿಲ್ಲ. ಅದು ಮರೆವಲ್ಲ, ಬೇಡವೆಂದೇ ಬಿಟ್ಟದ್ದು. ತಮ್ಮ ಪರಿಸರಕ್ಕೆ ಲಾಕ್ ಬೇಕಾಗಿಯೂ ಇಲ್ಲ, ಇದ್ದರೂ ಸಾಲದು ಎಂದು ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ 1974ರ ಪ್ರಬಂಧದಲ್ಲಿ ವಾದಿಸಿದರು. ಹಲವು ಪ್ರೋಸೆಸ್‌ಗಳು ಸೇರಿ ನಡೆಸುವ ದೊಡ್ಡ ಡೇಟಾಬೇಸ್ ಅವರ ಬಳಿ ಇರಲಿಲ್ಲ. ಅದೇ ದಶಕದಲ್ಲಿ ಐಬಿಎಮ್‌ನ ಸಿಸ್ಟಮ್ ಆರ್ ಯೋಜನೆಯ ಜಿಮ್ ಗ್ರೇ ಮತ್ತು ಸಂಗಡಿಗರಿಗೆ ಎದುರಾದದ್ದು ಅಂಥ ಡೇಟಾಬೇಸೇ. ಇಡೀ ಫೈಲಿಗೆ ಒಂದೇ ಲಾಕ್ ಹಾಕಿದರೆ ಉಳಿದವರು ಕಾಯಬೇಕು. ಪ್ರತಿ ದಾಖಲೆಗೂ ಒಂದೊಂದು ಹಾಕಿದರೆ ಲಾಕ್‌ಗಳ ಲೆಕ್ಕವಿಡುವುದೇ ಹೊರೆ. ಲಾಕ್ ಎಷ್ಟು ದೊಡ್ಡದಿರಬೇಕು ಎಂಬ ಅವರ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಯುನಿಕ್ಸ್ ಪ್ರೋಗ್ರಾಮರ್‌ಗಳು ಅಷ್ಟರಲ್ಲಿ ಲಾಕ್ ಫೈಲ್ ಎಂಬ ಉಪಾಯಕ್ಕೆ ಮೊರೆಹೋದರು. ಗೊತ್ತಾದ ಹೆಸರಿನ ಫೈಲನ್ನು ಸೃಷ್ಟಿಸಲು ಸಾಧ್ಯವಾದವನೇ ಗೆದ್ದವನು. ಅದು ಮೊದಲೇ ಇದ್ದರೆ ಕಾಯಬೇಕು. ಲಾಕ್ ಹಿಡಿದ ಪ್ರೋಸೆಸ್ ನಡುವೆಯೇ ಸತ್ತರೆ ಮಾತ್ರ ಫೈಲು ಹಾಗೇ ಉಳಿದು, ಎಲ್ಲರ ದಾರಿಗೂ ಅಡ್ಡ.

1983ರಲ್ಲಿ ಬಂದ 4.2 ಬಿಎಸ್‌ಡಿ ಈ ಕೆಲಸವನ್ನು ಕರ್ನಲ್‌ಗೆ ವಹಿಸಿತು. ಅದರ ಫ್ಲಾಕ್ ಕರೆಯಲ್ಲಿ ಓದುವವರು ಹಂಚಿಕೊಳ್ಳುವ ಲಾಕ್ ಮತ್ತು ಬರೆಯುವವನೊಬ್ಬನದೇ ಆದ ಲಾಕ್ ಎಂಬ ಎರಡು ಬಗೆ. ಪ್ರೋಸೆಸ್ ಸತ್ತರೆ ಲಾಕ್ ತಾನಾಗಿ ಬಿಡುತ್ತದೆ. ಆದರೆ ಇದು ಬಸ್ಸಿನ ಸೀಟಿಗೆ ಕಿಟಕಿಯಿಂದ ಎಸೆದ ಟವೆಲ್‌ನಂತೆ: ಮರ್ಯಾದೆ ಕೊಡುವವರಿಗೆ ಮಾತ್ರ ತಡೆ, ಲೆಕ್ಕಿಸದವನು ಬಂದು ಕೂರಬಹುದು. ಯಾರೂ ಮೀರಲಾಗದ ಕಡ್ಡಾಯ ಲಾಕ್ ಸಿಸ್ಟಮ್ 5 ಯುನಿಕ್ಸ್‌ನಲ್ಲಿತ್ತು. ಲಿನಕ್ಸ್ ಅದನ್ನು ಅಳವಡಿಸಿಕೊಂಡರೂ ಬಳಸುವವರಿಲ್ಲದೆ 2021ರಲ್ಲಿ, 5.15ನೇ ಆವೃತ್ತಿಯಲ್ಲಿ, ಕಿತ್ತುಹಾಕಿತು.

1988ರ ಪಾಸಿಕ್ಸ್ ಮಾನದಂಡಕ್ಕೆ ಸೇರಿದ ಎಫ್‌ಕಂಟ್ರೋಲ್ ಲಾಕ್‌ಗಳಿಂದ ಫೈಲಿನ ಬೇಕಾದ ಬೈಟ್‌ಗಳಿಗಷ್ಟೇ ಬೀಗ ಹಾಕಬಹುದು. ಜೊತೆಗೊಂದು ಕುಖ್ಯಾತ ದೋಷವೂ ಇದೆ. ನಿಮ್ಮ ಪ್ರೋಗ್ರಾಂ ಫೈಲೊಂದಕ್ಕೆ ಲಾಕ್ ಹಾಕಿದೆ ಎನ್ನಿ. ನೀವು ಬಳಸಿದ ಯಾವುದೋ ಲೈಬ್ರರಿ ಅದೇ ಫೈಲನ್ನು ತೆರೆದು, ಓದಿ, ಮುಚ್ಚುತ್ತದೆ. ಆ ಕ್ಷಣವೇ ನಿಮ್ಮ ಲಾಕ್‌ಗಳೆಲ್ಲ ಸದ್ದಿಲ್ಲದೆ ಬಿದ್ದುಹೋಗುತ್ತವೆ. ಲಾಕ್ ಇರುವುದು ಪ್ರೋಸೆಸ್‌ನ ಹೆಸರಿನಲ್ಲಿ, ತೆರೆದ ಫೈಲಿನ ಹೆಸರಿನಲ್ಲಲ್ಲ. ತೆರೆದ ಫೈಲಿಗೇ ಅಂಟಿಕೊಳ್ಳುವ ಬೈಟ್ ಲಾಕ್ ಲಿನಕ್ಸ್‌ಗೆ ಬಂದದ್ದು 2014ರಲ್ಲಿ.

ನೆಟ್‌ವರ್ಕ್ ಸೇರಿದಾಗ ತೊಡಕು ಇಮ್ಮಡಿಸಿತು. ಸನ್ ಕಂಪನಿಯ ಎನ್‌ಎಫ್‌ಎಸ್‌ನಲ್ಲಿ ಸರ್ವರ್ ಯಾರ ನೆನಪನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಲಾಕ್ ಎಂದರೆ ನೆನಪೇ. ಹಾಗಾಗಿ ಅದಕ್ಕೆ ಬೇರೆಯೇ ಸೇವೆ ಬೇಕಾಯಿತು. ನಾಲ್ಕನೇ ಆವೃತ್ತಿ ಲಾಕನ್ನು ಒಳಗೇ ಸೇರಿಸಿಕೊಂಡು, ಅವಧಿಗೊಮ್ಮೆ ನವೀಕರಿಸಬೇಕಾದ ಗುತ್ತಿಗೆಯಾಗಿ ಮಾಡಿತು.

ಇನ್ನೊಂದು ಧಾರೆ ಲಾಕ್‌ನಿಂದಲೇ ದೂರ ಸರಿಯಿತು. 1990ರ ದಶಕದಲ್ಲಿ ಡೇನಿಯಲ್ ಬರ್ನ್‌ಸ್ಟೈನ್ ಕ್ಯೂಮೇಲ್ ಎಂಬ ಮೇಲ್ ಸರ್ವರ್‌ಗಾಗಿ ರೂಪಿಸಿದ ಮೇಲ್‌ಡಿರ್‌ನಲ್ಲಿ ಪ್ರತಿ ಪತ್ರಕ್ಕೂ ಬೇರೆ ಫೈಲು, ಬೇರೆ ಹೆಸರು. ತಾತ್ಕಾಲಿಕ ಕೋಶದಲ್ಲಿ ಪೂರ್ತಿ ಬರೆದ ಮೇಲೆಯೇ ಅದು ಹೊಸ ಪತ್ರಗಳ ಕೋಶಕ್ಕೆ ಸೇರುತ್ತದೆ. ಅರೆಬರೆ ಪತ್ರ ಯಾರ ಕಣ್ಣಿಗೂ ಬೀಳದು. ಗಿಟ್ ಹಳೆಯ ಲಾಕ್ ಫೈಲಿಗೇ ಹೊಸ ಕೆಲಸ ಕೊಟ್ಟಿತು: ಇಂಡೆಕ್ಸ್‌ನ ಹೊಸ ರೂಪವನ್ನು ಲಾಕ್ ಫೈಲಿನಲ್ಲೇ ಬರೆದು, ಕೊನೆಗೆ ಅದಕ್ಕೆ ಅಸಲಿ ಹೆಸರಿಡುತ್ತದೆ. ಎಸ್‌ಕ್ಯೂಲೈಟ್ 2010ರಲ್ಲಿ, 3.7.0ನೇ ಆವೃತ್ತಿಯಲ್ಲಿ, ಬದಲಾವಣೆಗಳನ್ನು ಪ್ರತ್ಯೇಕ ಲಾಗ್‌ನ ಕೊನೆಗೆ ಸೇರಿಸುವ ವಿಧಾನ ತಂದಿತು. ಬರೆಯುವವನು ಈಗಲೂ ಒಬ್ಬನೇ, ಆದರೆ ಓದುವವರು ಅವನಿಗಾಗಿ ಕಾಯಬೇಕಿಲ್ಲ.

ವೇಗದ ಗುಟ್ಟೂ ಇಲ್ಲೇ ಇದೆ. ಸಾಮಾನ್ಯವಾಗಿ ಲಾಕ್ ಹಾಕುವ ಕರೆ ಅಗ್ಗ. ದುಬಾರಿಯಾಗುವುದು ಲಾಕ್ ಹಿಡಿದು ಡಿಸ್ಕ್‌ಗಾಗಿ ಕಾಯುವುದು. ಅದಕ್ಕೇ ಡೇಟಾಬೇಸ್‌ಗಳು ಹಲವು ಬರಹಗಳನ್ನು ಒಟ್ಟುಗೂಡಿಸಿ ಒಮ್ಮೆಗೇ ಡಿಸ್ಕ್‌ಗೆ ತಲುಪಿಸುತ್ತವೆ. ಹೊಸದಾಗಿ ವಿನ್ಯಾಸ ಮಾಡುವವರು ಯಾವ ಲಾಕ್ ಒಳ್ಳೆಯದು ಎಂದು ಹುಡುಕುವ ಮೊದಲು, ಹಲವರು ಒಂದೇ ಫೈಲಿಗೆ ಬರೆಯಲೇಬೇಕೇ ಎಂದು ಕೇಳಿಕೊಳ್ಳಬೇಕು. ಬಹಳ ಸಲ ಬರೆಯುವ ಹೊಣೆಯನ್ನು ಒಂದೇ ಪ್ರೋಸೆಸ್‌ಗೆ ಒಪ್ಪಿಸಿದರೆ ಸಾಕಾಗುತ್ತದೆ.